ಜೀವಕೋಶದ ಶ್ವಸನವೂ ದಹನರೂಪಕವೂ

ಜೀವಕೋಶವು ಆಹಾರದಿಂದ ಶಕ್ತಿಯನ್ನು ಪಡೆಯುವ ಕ್ರಮವನ್ನು ಕನ್ನಡದ ವಿಜ್ಞಾನ ಬರವಣಿಗೆಯಲ್ಲಿ ಉಸಿರಾಟವೆಂದೂ, ಅದರ ಸ್ವರೂಪವನ್ನು ಆಹಾರದ ಉರಿಯುವಿಕೆಯೆಂದೂ ಹೇಳುವ ವಾಡಿಕೆಯುಂಟು. ಈ ಎರಡು ಮಾತುಗಳೂ ವಿಚಾರಣೀಯವಾಗಿವೆ.

ಉಸಿರಾಟವೆಂದರೆ ಗಾಳಿಯನ್ನು ಒಳಕ್ಕೆಳೆದು ಹೊರಬಿಡುವುದು. ಕೋಶಕ್ಕೆ ಮೂಗೂ ಇಲ್ಲ, ಎದೆಗೂಡೂ ಇಲ್ಲ. ಶ್ವಸ್ ಧಾತುವಿಗಾದರೋ ಧಾತುಪಾಠದಲ್ಲಿ ಹೇಳಿರುವ ಅರ್ಥವು ಪ್ರಾಣನ. ಉಸಿರಾಡುವುದರೊಡನೆ ಬದುಕಿರುವುದೂ ಅದರಲ್ಲಿ ಅಡಗಿದೆ. ಆದುದರಿಂದ ಕೋಶದ ಕ್ರಿಯೆಗೆ ಶ್ವಸನವೆಂಬುದೇ ತಕ್ಕ ಹೆಸರು. ಅಚ್ಚಗನ್ನಡದ ಅಭಿಮಾನಿಗಳು ಇದನ್ನು ಸಂಸ್ಕೃತಪಕ್ಷಪಾತವೆನ್ನಬಹುದು. ಎರಡು ಅರ್ಥಗಳಿಗೆ ಎರಡು ಪದಗಳು ದೊರೆತಿರುವಾಗ ಒಂದನ್ನೇ ಹಿಡಿದು ತೊಡಕುಪಡುವುದರಿಂದ ಕನ್ನಡಕ್ಕೆ ಲಾಭವೇನೂ ಇಲ್ಲ.

ದಹನರೂಪಕದ ದೋಷವು ಇದಕ್ಕಿಂತ ಹಿರಿದು. 18ನೆಯ ಶತಮಾನದ ಕಡೆಯಲ್ಲಿ ಫ್ರಾನ್ಸಿನ ಲವಾಸಿಯೇ ಎಂಬ ವಿದ್ವಾಂಸನು ಶ್ವಾಸವನ್ನು ಮಂದದಹನವೆಂದನು. ಅಂದಿಗೆ ಅದು ದೊಡ್ಡ ಕಾಣ್ಕೆ. ಒಟ್ಟು ಲೆಕ್ಕದಲ್ಲಿ ಇಂದಿಗೂ ಸುಳ್ಳಲ್ಲ: ಸಕ್ಕರೆಯು ಬೆಂಕಿಯಲ್ಲಿ ಪೂರ್ತಿಯಾಗಿ ಉರಿದರೂ ಕೋಶದಲ್ಲಿ ಶ್ವಸನಕ್ಕೊಳಗಾದರೂ ಕಡೆಗೆ ಆಗುವುದು ಇಂಗಾಲದ ಡೈಆಕ್ಸೈಡೂ ನೀರೂ ಅಷ್ಟೆ. ಆದರೆ ನಡುವಣ ಕ್ರಮವೇ ಬೇರೆ. ರೂಪಕವನ್ನು ನಂಬಿದ ವಿದ್ಯಾರ್ಥಿಯು, ಒಳಗೆಳೆದ ಆಮ್ಲಜನಕವೇ ಆಹಾರದ ಇಂಗಾಲವನ್ನು ಕೂಡಿಕೊಂಡು ನಿಃಶ್ವಾಸದಲ್ಲಿ ಹೊರಬರುವುದೆಂದು ತಿಳಿಯುತ್ತಾನೆ. ವಸ್ತುಸ್ಥಿತಿ ಹಾಗಿಲ್ಲ. ಇಂಗಾಲದ ಬಹುಭಾಗವು ಕ್ರೆಬ್ಸನು 1937ರಲ್ಲಿ ನಿರೂಪಿಸಿದ ಚಕ್ರದಲ್ಲಿ ಕಳಚಿಹೋಗುತ್ತದೆ. ಅಲ್ಲಿ ಆಮ್ಲಜನಕವಾಯುವಿಗೆ ನೇರವಾದ ಪ್ರವೇಶವಿಲ್ಲ. ಆಹಾರದಿಂದ ಬಿಡಿಸಿದ ಎಲೆಕ್ಟ್ರಾನುಗಳು ಮೈಟೋಕಾಂಡ್ರಿಯದ ಒಳಪೊರೆಯಲ್ಲಿ ಒಂದು ವಾಹಕದಿಂದ ಮತ್ತೊಂದಕ್ಕೆ ಸಾಗುತ್ತವೆ. ಕೀಲಿನ್ ಎಂಬವನು 1925ರಲ್ಲಿ ಸೈಟೋಕ್ರೋಮುಗಳೆಂದು ಹೆಸರಿಟ್ಟ ವಸ್ತುಗಳು ಈ ಸಾಲಿನಲ್ಲಿ ಸೇರಿವೆ. ಸಾಲಿನ ತುದಿಯಲ್ಲಿ ಎಲೆಕ್ಟ್ರಾನುಗಳನ್ನು ಸ್ವೀಕರಿಸಿ, ಪ್ರೋಟಾನುಗಳೊಡನೆ ಕೂಡಿ, ಆಮ್ಲಜನಕವು ನೀರಾಗುತ್ತದೆ. ಅದು ಸುಡುವ ಕರ್ತೃವಲ್ಲ, ಕಡೆಯ ಪ್ರತಿಗ್ರಾಹಿ. (ಆಮ್ಲಜನಕವೆಂಬ ಹೆಸರೂ, ಆಮ್ಲಗಳಿಗೆಲ್ಲ ಅದೇ ಮೂಲವೆಂಬ ಲವಾಸಿಯೇಯ ಭ್ರಾಂತಿಯ ಭಾಷಾಂತರವೇ. ಆದರೆ ಅದು ರೂಢಿಯಾಗಿ ನಿಂತಿದೆ, ಕದಲಿಸಬೇಕಾಗಿಲ್ಲ.)

ಶಕ್ತಿಯೂ ಬೆಂಕಿಯಲ್ಲಿಯಂತೆ ಒಮ್ಮೆಲೇ ಶಾಖವಾಗಿ ಹೋಗುವುದಿಲ್ಲ. ಎಲೆಕ್ಟ್ರಾನುಗಳು ಮೆಟ್ಟಿಲುಮೆಟ್ಟಿಲಾಗಿ ಇಳಿಯುವಾಗ ಪ್ರೋಟಾನುಗಳು ಪೊರೆಯಾಚೆಗೆ ತಳ್ಳಲ್ಪಡುತ್ತವೆ; ಅವು ಮರಳಿ ಹರಿಯುವಾಗ ಎಟಿಪಿಯನ್ನು ಕಟ್ಟುವ ಯಂತ್ರವು ತಿರುಗುತ್ತದೆ. ಪೀಟರ್ ಮಿಚೆಲ್ ಇದರ ಮೂಲತತ್ತ್ವವನ್ನು 1961ರಲ್ಲಿ ಪ್ರತಿಪಾದಿಸಿದಾಗ ಅನೇಕ ವಿದ್ವಾಂಸರು ಒಪ್ಪಲಿಲ್ಲ. 1978ರಲ್ಲಿ ಆತನಿಗೆ ನೊಬೆಲ್ ಪಾರಿತೋಷಕವು ದೊರೆಯಿತು. ಉಪಮಾನ ಬೇಕೇ ಬೇಕೆಂದರೆ ಒಲೆಯನ್ನು ಬಿಟ್ಟು, ಕಟ್ಟೆಯಿಂದ ಇಳಿದು ಚಕ್ರವನ್ನು ತಿರುಗಿಸುವ ನೀರನ್ನು ಹೇಳುವುದು ಮೇಲು. ಅದೂ ಪೂರ್ಣೋಪಮೆಯಾಗದು, ಪೊರೆಯ ಎರಡು ಕಡೆಗಳ ನಡುವೆ ಸಾಂದ್ರತೆಯ ಭೇದವಲ್ಲದೆ ವಿದ್ಯುತ್ತಿನ ಭೇದವೂ ಇದೆ, ಕಟ್ಟೆಯ ನೀರಿನಲ್ಲಿ ಇದಕ್ಕೆ ಸಮನಾದುದು ಕಾಣದು.