ಹುಟ್ಟುಗುಣವೋ, ಸಹವಾಸದೋಷವೋ?

ಹುಡುಗನೊಬ್ಬ ದಾರಿತಪ್ಪಿದರೆ ನಮ್ಮ ಹಿರಿಯರ ಬಾಯಲ್ಲಿ ಎರಡು ಮಾತು ಸಿದ್ಧವಾಗಿರುತ್ತವೆ. ಬೇಕಾದವರ ಮಗನಾದರೆ ‘ಪಾಪ, ಸಹವಾಸದೋಷ’. ಬೇಡದವರ ಮಗನಾದರೆ ‘ಹುಟ್ಟುಗುಣ ಸುಟ್ಟರೂ ಹೋಗದು’. ಮಾಡಿದ ತಪ್ಪು ಒಂದೇ ಆಗಿದ್ದರೂ ಮಾತು ಮಾತ್ರ ಬೇರೆ. ಅಮೆರಿಕದ ಬಾಲನ್ಯಾಯಾಲಯಗಳ ಕಡತಗಳಲ್ಲಿಯೂ ಈ ಎರಡು ಮಾತುಗಳು ಬೇರೆ ವೇಷದಲ್ಲಿ ಕುಳಿತಿವೆಯೆಂಬುದನ್ನು ಓದಿದಾಗ ನಾನು ಪುಸ್ತಕ ಕೆಳಗಿಟ್ಟು ಸ್ವಲ್ಪ ಹೊತ್ತು ಸುಮ್ಮನಿದ್ದೆ.

ಜಾರ್ಜ್ ಬ್ರಿಡ್ಜಸ್ ಮತ್ತು ಸಾರಾ ಸ್ಟೀನ್ ಎಂಬ ಇಬ್ಬರು ಸಮಾಜಶಾಸ್ತ್ರಜ್ಞರು 1998ರಲ್ಲಿ ಒಂದು ಅಧ್ಯಯನವನ್ನು ಪ್ರಕಟಿಸಿದರು. ಪಶ್ಚಿಮದ ಒಂದು ರಾಜ್ಯದಲ್ಲಿ ಪ್ರೊಬೇಷನ್ ಅಧಿಕಾರಿಗಳು ನ್ಯಾಯಾಲಯಕ್ಕೆ ಬರೆದುಕೊಟ್ಟ 233 ವರದಿಗಳನ್ನು ಅವರು ಓದಿದರು; ಹುಡುಗನ ಕಥೆಯನ್ನು ಅಧಿಕಾರಿ ಹೇಗೆ ಹೇಳಿದ್ದಾನೆಂಬುದನ್ನು ಗಮನಿಸಿದರು. ಬಿಳಿಯ ಹುಡುಗನ ಅಪರಾಧಕ್ಕೆ ಮನೆಯ ಜಗಳ, ಕೆಟ್ಟ ಗೆಳೆಯರು, ಸುತ್ತಿನ ವಾತಾವರಣ ಕಾರಣವಾಗಿ ಬರುತ್ತಿದ್ದವು. ಕಪ್ಪು ಹುಡುಗನಾದರೆ ಅವನ ಸ್ವಭಾವ, ಅವನ ಧೋರಣೆ. ಸ್ವಭಾವದಿಂದ ಕೆಟ್ಟವನು ಮತ್ತೆ ಕೆಡುವನೆಂಬ ನಿರೀಕ್ಷೆ ಸಹಜ. ಶಿಫಾರಸಾಗುವ ಶಿಕ್ಷೆಯೂ ಅದಕ್ಕೆ ತಕ್ಕಂತೆ ಏರುತ್ತಿತ್ತು. ಪಾತ್ರಸೃಷ್ಟಿಯ ವಿಷಯ ಪಾಠ ಹೇಳಿ ಹೊಟ್ಟೆ ಹೊರೆಯುವ ನನ್ನಂಥವನಿಗೆ ಇದು ಕಾನೂನಿನ ಪ್ರಶ್ನೆಗಿಂತ ಮೊದಲು ಕಥನದ ಪ್ರಶ್ನೆಯಾಗಿ ಕಂಡಿತು. ವಾಲ್ಟರ್ ಡೀನ್ ಮೈಯರ್ಸ್‌ನ ‘ಮಾನ್ಸ್ಟರ್’ ಕಾದಂಬರಿಯನ್ನು ಎರಡನೆಯ ಸಲ ಓದಲು ಕಾರಣವೂ ಅದೇ.

ಮೈಯರ್ಸ್ (1937–2014) ಬೆಳೆದದ್ದು ನ್ಯೂಯಾರ್ಕಿನ ಹಾರ್ಲೆಮ್ಮಿನಲ್ಲಿ. ಪ್ರೌಢಶಾಲೆಯನ್ನು ಅರ್ಧಕ್ಕೆ ಬಿಟ್ಟು ಹದಿನೇಳನೆಯ ವಯಸ್ಸಿಗೆ ಸೈನ್ಯ ಸೇರಿದವನು. 1999ರಲ್ಲಿ ಬಂದ ಈ ಕೃತಿಗೆ, ಎಳೆಯರ ಸಾಹಿತ್ಯಕ್ಕೆಂದು ಆಗತಾನೆ ಏರ್ಪಟ್ಟ ಪ್ರಿಂಟ್ಜ್ ಪ್ರಶಸ್ತಿ ಮೊಟ್ಟಮೊದಲು ಸಂದಿತು. ಎಳೆಯರ ಪುಸ್ತಕವೆಂದು ಹಿರಿಯರು ಪಕ್ಕಕ್ಕಿಟ್ಟರೆ ನಷ್ಟ ಹಿರಿಯರಿಗೆ.

ಕಥೆ ಸಣ್ಣದು. ಸ್ಟೀವ್ ಹಾರ್ಮನ್ ಹದಿನಾರು ವಯಸ್ಸಿನ ಕಪ್ಪು ಹುಡುಗ. ಶಾಲೆಯಲ್ಲಿ ಚಲನಚಿತ್ರ ತೆಗೆಯುವುದನ್ನು ಕಲಿಯುತ್ತಿದ್ದಾನೆ. ಔಷಧಿ ಅಂಗಡಿಯೊಂದರ ದರೋಡೆಯಲ್ಲಿ ಅಂಗಡಿಯವನ ಕೊಲೆಯಾಗಿದೆ. ಒಳಗೆ ಪೊಲೀಸರಿದ್ದಾರೆಯೇ ಎಂದು ನೋಡಿಬಂದವನು ಸ್ಟೀವ್ ಎಂಬುದು ಆರೋಪ. ದರೋಡೆಯಲ್ಲಿ ಕೈಯಿದ್ದರೆ ಕೊಲೆಯ ಹೊಣೆಯೂ ತಲೆಗೆ ಬರುವುದು ಅಲ್ಲಿಯ ಕಾನೂನು. ನ್ಯೂಯಾರ್ಕಿನಲ್ಲಿ ಆಗ ಹದಿನಾರಾದವನನ್ನು ವಯಸ್ಕನೆಂದೇ ವಿಚಾರಿಸುತ್ತಿದ್ದರು. ಆ ವಯಸ್ಸನ್ನು ಏರಿಸಿದ ಕಾಯಿದೆ ಬಂದದ್ದು 2017ರಲ್ಲಿ. 1899ರಲ್ಲಿ ಷಿಕಾಗೋದಲ್ಲಿ ಮೊದಲ ಬಾಲನ್ಯಾಯಾಲಯ ತೆರೆದಾಗ ನ್ಯಾಯಾಧೀಶ ತಂದೆಯಂತಿರಬೇಕೆಂಬ ಆಶಯವಿತ್ತು. ಆ ತಂದೆಯ ಮನೆಯ ಬಾಗಿಲು ಯಾರಿಗೆ ತೆರೆದಿತ್ತು, ಯಾರಿಗೆ ಮುಚ್ಚಿತ್ತು ಎಂಬುದೇ ಮುಂದಿನ ನೂರು ವರ್ಷದ ಚರಿತ್ರೆ.

ಸೆರೆಮನೆಯಲ್ಲಿ ಕುಳಿತ ಸ್ಟೀವ್ ತನ್ನ ವಿಚಾರಣೆಯನ್ನು ಚಿತ್ರಕಥೆಯಾಗಿ ಬರೆಯುತ್ತಾನೆ. ಅದಕ್ಕೆ ಅವನಿಡುವ ಹೆಸರು, ಸರ್ಕಾರಿ ವಕೀಲೆ ನ್ಯಾಯಾಲಯದಲ್ಲಿ ಬಳಸಿದ ಶಬ್ದ. ನಡುನಡುವೆ ದಿನಚರಿಯ ಪುಟಗಳು. ಈ ತಂತ್ರವನ್ನು ಚಮತ್ಕಾರವೆಂದು ತಳ್ಳಿಹಾಕುವವರುಂಟು, ನಾನು ಒಪ್ಪಲಾರೆ. ತನ್ನ ಕಥೆಯನ್ನು ಪೊಲೀಸರು, ವಕೀಲರು, ಸಾಕ್ಷಿಗಳು ಎಲ್ಲರೂ ಹೇಳುತ್ತಿರುವಾಗ ಹುಡುಗನಿಗೆ ಉಳಿದದ್ದು ಕ್ಯಾಮರಾ ಎಲ್ಲಿಡಬೇಕೆಂಬ ಆಯ್ಕೆಯೊಂದೇ. ಅವನ ಚಲನಚಿತ್ರ ಕಲೆಯ ಉಪಾಧ್ಯಾಯ ಸವಿಕಿ ಒಂದೆಡೆ ಪ್ರೇಕ್ಷಕರನ್ನು ಜ್ಯೂರಿಗೆ ಹೋಲಿಸುತ್ತಾನೆ: ಮುಂದೇನೆಂದು ಊಹಿಸಬಹುದಾದ ಚಿತ್ರವಾದರೆ ಅವರು ಮುಗಿಯುವ ಮೊದಲೇ ತೀರ್ಮಾನಿಸಿಬಿಡುತ್ತಾರೆ. ಕಪ್ಪು ಹುಡುಗನನ್ನು ಕಟಕಟೆಯಲ್ಲಿ ಕಂಡೊಡನೆ ಜ್ಯೂರಿಗೆ ಆಗುವುದೂ ಇದೇ. ಅವನ ಪರ ವಕೀಲೆ ಓಬ್ರಿಯನ್ನಳಿಗೆ ಇದು ಚೆನ್ನಾಗಿ ಗೊತ್ತು. ಸಾಕ್ಷ್ಯ ಹೇಳುವುದನ್ನು ಕಲಿಸುವಾಗ ಅವಳು ಮೇಜಿನ ಮೇಲೊಂದು ಲೋಟ ಇಡುತ್ತಾಳೆ. ಉತ್ತರ ಸರಿಯಿಲ್ಲದಿದ್ದರೆ ಲೋಟ ಮಗುಚುತ್ತಾಳೆ. ಎಲ್ಲಿ ತಪ್ಪಿದೆನೆಂದು ಹುಡುಗನೇ ಕಂಡುಕೊಳ್ಳಬೇಕು. ಸತ್ಯ ಯಾವುದೆಂಬ ಮಾತು ಅಲ್ಲಿಲ್ಲ. ಒಳ್ಳೆಯ ಹುಡುಗನಂತೆ ಕಾಣುವುದನ್ನು ಕಲಿಯುವ ಈ ದೃಶ್ಯ ನನ್ನ ಎಣಿಕೆಯಲ್ಲಿ ಇಡೀ ಕೃತಿಯ ಹೃದಯ.

ತರಗತಿಯಲ್ಲಿ ಈ ಪುಸ್ತಕದ ಪ್ರಸ್ತಾಪ ಬಂದಾಗಲೆಲ್ಲ ಎದುರಾಗುವ ಪ್ರಶ್ನೆ ಒಂದೇ: ‘ಸಾರ್, ಅವನು ಮಾಡಿದನೋ ಇಲ್ಲವೋ?’ ಮೈಯರ್ಸ್ ಹೇಳುವುದಿಲ್ಲ. ಆ ದಿನ ಅಂಗಡಿಗೆ ಹೋಗಲೇ ಇಲ್ಲವೆಂದು ಕಟಕಟೆಯಲ್ಲಿ ಹೇಳುವ ಹುಡುಗ, ದಿನಚರಿಯಲ್ಲಿ ಪೆಪ್ಪರ್‌ಮಿಂಟಿಗಾಗಿ ಒಳಗೆ ಹೋಗಿ ಹೊರಬಂದೆನೆಂದು ಬರೆಯುತ್ತಾನೆ. ಹಾರ್ಪರ್ ಲೀಯ ‘ಟು ಕಿಲ್ ಎ ಮಾಕಿಂಗ್‌ಬರ್ಡ್’ (1960) ಓದಿದವರಿಗೆ ಈ ತೊಡಕಿಲ್ಲ. ಟಾಮ್ ರಾಬಿನ್ಸನ್ ಪೂರ್ಣ ನಿರಪರಾಧಿ. ಅವನಿಗಾಗಿ ಮರುಗುವುದು ಸುಲಭ, ಮರುಗಿದ ನಮಗೆ ನಮ್ಮ ಮೇಲೊಂದಿಷ್ಟು ಗೌರವವೂ ಹುಟ್ಟುತ್ತದೆ. ಮೈಯರ್ಸ್ ಆ ಸುಖವನ್ನು ಕೊಡುವುದಿಲ್ಲ. ನಿರಪರಾಧಿಗೆ ಮಾತ್ರ ನ್ಯಾಯ ಸಲ್ಲಬೇಕೆಂದರೆ, ಅವನು ನಿರಪರಾಧಿಯೆಂದು ಗೊತ್ತುಮಾಡುವ ವಿಚಾರಣೆ ಹೇಗಿರಬೇಕು?

ಇದು ಬರಿಯ ತರ್ಕವಲ್ಲ. ದಕ್ಷಿಣ ಕೆರೊಲೈನಾದಲ್ಲಿ 1944ರಲ್ಲಿ ಜಾರ್ಜ್ ಸ್ಟಿನ್ನಿ ಎಂಬ ಹದಿನಾಲ್ಕು ವಯಸ್ಸಿನ ಕಪ್ಪು ಬಾಲಕನನ್ನು, ಇಬ್ಬರು ಬಿಳಿಯ ಬಾಲಕಿಯರನ್ನು ಕೊಂದನೆಂದು ವಿದ್ಯುತ್ ಕುರ್ಚಿಯಲ್ಲಿ ಕೂರಿಸಿ ಕೊಂದರು. ವಿಚಾರಣೆ ಒಂದೇ ದಿನದಲ್ಲಿ ಮುಗಿದಿತ್ತು. ಬಿಳಿಯರೇ ತುಂಬಿದ ಜ್ಯೂರಿಗೆ ಹತ್ತು ನಿಮಿಷ ಸಾಕಾಯಿತು. ಎಪ್ಪತ್ತು ವರ್ಷಗಳ ಮೇಲೆ, 2014ರಲ್ಲಿ, ನ್ಯಾಯಾಲಯ ಆ ತೀರ್ಪನ್ನು ರದ್ದುಮಾಡಿತು. ಅವನು ಕೊಲೆ ಮಾಡಲಿಲ್ಲವೆಂದು ಅದು ಸಾರಲಿಲ್ಲ. ವಿಚಾರಣೆ ನ್ಯಾಯವಾಗಿ ನಡೆಯಲಿಲ್ಲವೆಂದು ಸಾರಿತು.

ಕಾದಂಬರಿಯ ಹೆಸರಿಗೂ ಹಿನ್ನೆಲೆಯುಂಟು. 1989ರಲ್ಲಿ ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕಿನಲ್ಲಿ ಹೆಂಗಸೊಬ್ಬಳ ಮೇಲೆ ಅತ್ಯಾಚಾರ ನಡೆದಾಗ ಹದಿನಾಲ್ಕರಿಂದ ಹದಿನಾರರ ಐವರು ಕಪ್ಪು ಮತ್ತು ಲ್ಯಾಟಿನೋ ಹುಡುಗರು ಸಿಕ್ಕಿಬಿದ್ದರು. ಪತ್ರಿಕೆಗಳು ಅವರನ್ನು ತೋಳಗಳ ಹಿಂಡೆಂದು ಕರೆದವು. ನಿಜವಾದ ಅಪರಾಧಿ ಒಪ್ಪಿಕೊಂಡದ್ದು 2002ರಲ್ಲಿ. ಅಷ್ಟರಲ್ಲಿ ಹುಡುಗರು ಸೆರೆಮನೆಯಲ್ಲಿ ಗಂಡಸರಾಗಿದ್ದರು. 1995ರಲ್ಲಿ ಜಾನ್ ಡಿಲೂಲಿಯೊ ಎಂಬ ವಿದ್ವಾಂಸ ‘ಸೂಪರ್‌ಪ್ರಿಡೇಟರ್’ ಎಂಬ ಶಬ್ದವನ್ನು ಚಲಾವಣೆಗೆ ತಂದ. ದಯೆಯರಿಯದ ಬಾಲಕರ ಅಲೆಯೊಂದು ಬರಲಿದೆಯೆಂದು ಅವನ ಭವಿಷ್ಯ. ಅಲೆ ಬರಲಿಲ್ಲ, ಬಾಲಾಪರಾಧ ಇಳಿಯಿತು. ಡಿಲೂಲಿಯೊ ಮುಂದೆ ತನ್ನ ಊಹೆ ತಪ್ಪೆಂದು ಒಪ್ಪಿಕೊಂಡ. ಇದು ಎಲ್ಲ ವಿದ್ವಾಂಸರೂ ಮಾಡುವ ಕೆಲಸವಲ್ಲ. ಆದರೆ ಆ ಹೊತ್ತಿಗೆ ಹುಡುಗರನ್ನು ವಯಸ್ಕರ ನ್ಯಾಯಾಲಯಕ್ಕೆ ಸಾಗಿಸುವ ಕಾಯಿದೆಗಳು ರಾಜ್ಯರಾಜ್ಯಗಳಲ್ಲಿ ಬಿಗಿಯಾಗಿದ್ದವು. ಮೃಗದ ಹೆಸರಿಟ್ಟಮೇಲೆ ಬೋನು ಕಟ್ಟುವುದು ಕಷ್ಟವಲ್ಲ. ಹುಟ್ಟಿನಿಂದಲೇ ಅಪರಾಧಿಗಳೆಂದು ಇಡೀ ಬುಡಕಟ್ಟುಗಳನ್ನು ಪಟ್ಟಿಮಾಡಿದ 1871ರ ಕಾಯಿದೆಯನ್ನು ಬಲ್ಲ ನಾವು ಇದನ್ನು ದೂರದ ಸಂಗತಿಯೆನ್ನುವಂತಿಲ್ಲ.

ಕೃತಿಯಲ್ಲಿ ದೋಷಗಳಿಲ್ಲವೆಂದಲ್ಲ. ಸಾಕ್ಷಿಗಳ ವಿಚಾರಣೆ ಕೆಲವೆಡೆ ಕಡತ ಓದಿದಂತೆ ಬೇಸರ ತರುತ್ತದೆ. ಅದಕ್ಕಿಂತ ದೊಡ್ಡ ಕೊರತೆ, ಸತ್ತ ನೆಸ್ಬಿಟ್. ತನ್ನದೇ ಪಿಸ್ತೂಲಿನಿಂದ ಸತ್ತ ಈ ಐವತ್ತೈದರ ಅಂಗಡಿಯವನು ಹೆಸರಾಗಿ, ಫೋಟೋವಾಗಿ ಬಂದುಹೋಗುತ್ತಾನೆ. ಹುಡುಗನ ಮುಖವನ್ನು ಇಷ್ಟು ಹತ್ತಿರದಿಂದ ತೋರಿಸುವ ಕ್ಯಾಮರಾ ಒಮ್ಮೆಯಾದರೂ ಆ ಕಡೆ ತಿರುಗಬೇಕಿತ್ತು. ತಾಯಿಯ ಪಾತ್ರವೂ ತೆಳು. ತಂದೆ ಮಾತ್ರ, ಮಗನೆದುರು ಅಳುವ ಒಂದೇ ದೃಶ್ಯದಿಂದ, ಮರೆಯುವಂತಿಲ್ಲ.

ಸ್ಟೀವ್ ಬಿಡುಗಡೆಯಾಗುತ್ತಾನೆ. ತೀರ್ಪು ಕೇಳಿದ ಸಂಭ್ರಮದಲ್ಲಿ ವಕೀಲೆಯನ್ನು ಅಪ್ಪಿಕೊಳ್ಳಲು ತೋಳು ಚಾಚುತ್ತಾನೆ. ಅವಳು ಸೆಟೆದುಕೊಂಡು ಪಕ್ಕಕ್ಕೆ ತಿರುಗುತ್ತಾಳೆ. ಅವಳು ಅವನಲ್ಲಿ ಏನು ಕಂಡಳೆಂದು ತಿಂಗಳುಗಳ ಮೇಲೂ ಅವನು ಕ್ಯಾಮರಾದಲ್ಲಿ ತನ್ನನ್ನೇ ಹುಡುಕಿಕೊಳ್ಳುತ್ತಿರುತ್ತಾನೆ.

ಇದನ್ನು ಪಾಠಕ್ಕೆಂದು ಕನ್ನಡಕ್ಕೆ ತರಲು ಹೊರಟೆ. ಹೆಸರಿನ ಬಳಿಯೇ ನಿಂತಿದ್ದೇನೆ. ‘ರಾಕ್ಷಸ’ ಎಂದರೆ ಆಗದು. ನಮ್ಮ ರಾಕ್ಷಸನಿಗೆ ವಂಶವುಂಟು, ತಪಸ್ಸುಂಟು. ನಾಗಚಂದ್ರನ ರಾವಣನಿಗಂತೂ ಪಶ್ಚಾತ್ತಾಪವೂ ಉಂಟು, ಬಿ.ಎಂ.ಶ್ರೀಯವರು ಅವನನ್ನು ದುರಂತನಾಯಕನ ಸಾಲಿನಲ್ಲಿಟ್ಟರು. ‘ಪಿಶಾಚಿ’ ಎಂದರೆ ಹುಡುಗ ಆಗಲೇ ಸತ್ತಿರಬೇಕು. ‘ಮೃಗ’ ಎಂದರೆ ತಾಯಿಮೃಗವೊಂದು ನೆನಪಾಗಿ ಶಬ್ದ ಮೆತ್ತಗಾಗುತ್ತದೆ. ಹಸ್ತಪ್ರತಿಯ ಮೊದಲ ಪುಟದಲ್ಲಿ ಆ ಜಾಗ ಇನ್ನೂ ಖಾಲಿಯಿದೆ.