ನಡುವಿನ ಮೆಟ್ಟಿಲುಗಳ ಆಟಗಾರ

ಆಟಗಾರರ ಬದುಕನ್ನು ತೂಗುವಾಗ ನಮ್ಮ ಕಣ್ಣು ಗೋಲು ಹೊಡೆದವರ ಕಡೆಗೇ ಹೋಗುತ್ತದೆ. ಬೆಂಗಳೂರು ಎಫ್‌ಸಿ ಫುಟ್‌ಬಾಲ್ ತಂಡ ಅಂದರೆ ಸುನಿಲ್ ಛೆಟ್ರಿ. ಆಮೇಲಿನ ಹೆಸರು ಕೇಳಿದರೆ ಮಧುಗಿರಿ, ಶಿರಾ ಕಡೆಯ ಹುಡುಗರು ತಡವರಿಸುತ್ತಾರೆ. ಅದೇ ತಂಡದ ಗೋಲಿನ ಮುಂದೆ ಐದು ಋತು ಗೋಡೆಯಾಗಿ ನಿಂತ ಜಾನ್ ಜಾನ್ಸನ್ ಮತ್ತು ಅವರನ್ನು ಕರೆತಂದ ತರಬೇತುದಾರ ಆಶ್ಲಿ ವೆಸ್ಟ್‌ವುಡ್ ಇಬ್ಬರೂ ಇಂಗ್ಲೆಂಡಿನ ಕೆಳ ದರ್ಜೆಯ ಲೀಗುಗಳಲ್ಲಿ ಆಡಿ ಹೊಟ್ಟೆ ಹೊರೆದವರು. ಅಂಥ ಆಟದ ಬದುಕಿಗೆ ಬೆಲೆ ಕಟ್ಟುವುದು ಹೇಗೆ ಎನ್ನುವುದು ನನ್ನ ಪ್ರಶ್ನೆ. ನಮ್ಮ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳಲ್ಲಿ ಇವತ್ತು ಕಬಡ್ಡಿ, ಖೋ ಖೋ ಆಡುತ್ತಿರುವ ಮಕ್ಕಳಿಗೆ ಛೆಟ್ರಿಯ ಕಥೆಗಿಂತ ಇವರ ಕಥೆಯೇ ಹೆಚ್ಚು ಹತ್ತಿರದ್ದು ಎಂದು ನಾನು ನಂಬಿದ್ದೇನೆ.

ವೆಸ್ಟ್‌ವುಡ್ ಹುಟ್ಟಿದ್ದು 1976ರಲ್ಲಿ. ಆಟ ಕಲಿತದ್ದು ಮ್ಯಾಂಚೆಸ್ಟರ್ ಯುನೈಟೆಡ್‌ನ ಕಿರಿಯರ ತಂಡದಲ್ಲಿ. ಆದರೆ ಹಿರಿಯರ ತಂಡದ ಪರ ಒಂದು ಪಂದ್ಯವನ್ನೂ ಆಡದೆ 1995ರಲ್ಲಿ ಕ್ರೂ ಅಲೆಕ್ಸಾಂಡ್ರಾ ಸೇರಿಕೊಂಡರು. ಅಲ್ಲಿಂದ 1998ರಲ್ಲಿ ಬ್ರಾಡ್‌ಫರ್ಡ್ ಸಿಟಿಗೆ ಹೋದರು. ಆ ತಂಡ ಮರುವರ್ಷವೇ ಪ್ರೀಮಿಯರ್ ಲೀಗ್‌ಗೆ ಏರಿತು, ಆದರೆ ಅಲ್ಲಿ ಅವರಿಗೆ ಸಿಕ್ಕಿದ್ದು ಕೆಲವೇ ಪಂದ್ಯಗಳು. ಮುಂದೆ ಶೆಫೀಲ್ಡ್ ವೆನ್ಸ್‌ಡೇಯಲ್ಲಿ ಇದ್ದಾಗ 2003ರಲ್ಲಿ ತಂಡ ಒಂದು ದರ್ಜೆ ಕೆಳಗಿಳಿಯಿತು. ನಂತರ ಸೇರಿದ ನಾರ್ತಾಂಪ್ಟನ್ ಟೌನ್ 2006ರಲ್ಲಿ ನಾಲ್ಕನೆಯ ದರ್ಜೆಯಿಂದ ಮೂರನೆಯದಕ್ಕೆ ಹತ್ತಿತು. ಆಮೇಲೆ ಚೆಸ್ಟರ್, ಅದಾದ ಮೇಲೆ ಇನ್ನೂ ಹಲವು ಕ್ಲಬ್ಬುಗಳು. ಏರುತ್ತ ಇಳಿಯುತ್ತ ಸಾಗಿದ ಈ ದಾರಿಯನ್ನು ಸೋಲಿನ ಪಟ್ಟಿ ಎಂದು ಓದಿದರೆ ದೊಡ್ಡ ತಪ್ಪಾಗುತ್ತದೆ. ಸುಮಾರು ಹದಿನೈದು ವರ್ಷ ಒಬ್ಬ ಮನುಷ್ಯ ತಾನು ಕಲಿತ ಕಸುಬಿನಿಂದಲೇ ಸಂಸಾರ ನಡೆಸಿದ. ಒಂದು ತಂಡ ಕೈಬಿಟ್ಟರೆ ಇನ್ನೊಂದು ತಂಡಕ್ಕೆ ಅವನ ಅಗತ್ಯವಿತ್ತು.

ಈ ಅಗತ್ಯ ತಾನಾಗಿ ಹುಟ್ಟಿದ್ದಲ್ಲ. ಇಂಗ್ಲೆಂಡಿನಲ್ಲಿ ಪ್ರೀಮಿಯರ್ ಲೀಗಿನ 20 ತಂಡಗಳ ಕೆಳಗೆ ತಲಾ 24 ತಂಡಗಳ ಮೂರು ದರ್ಜೆಗಳಿವೆ. ಒಟ್ಟು 92 ಕ್ಲಬ್ಬುಗಳು. ಅವುಗಳ ಕೆಳಗೂ ನ್ಯಾಷನಲ್ ಲೀಗ್ ಮತ್ತು ಊರೂರಿನ ಲೀಗುಗಳು ಇಳಿಯುತ್ತಲೇ ಹೋಗುತ್ತವೆ. ಗೆದ್ದವರು ಮೇಲಕ್ಕೆ, ಸೋತವರು ಕೆಳಕ್ಕೆ. ನಾಲ್ಕನೆಯ ದರ್ಜೆಯ ಕೊನೆಯ ಸ್ಥಾನಗಳಿಗಾಗಿ ನಡೆಯುವ ಪಂದ್ಯಕ್ಕೂ ಅರ್ಥವಿದೆ, ಟಿಕೆಟ್ ಕೊಂಡು ಬರುವ ಊರಿನ ಜನ ಇದ್ದಾರೆ. ಇದರ ಹಿಂದೆ ದುಡಿಯುವವರ ಹೋರಾಟವೂ ಇದೆ. ಅಲ್ಲಿನ ವೃತ್ತಿಪರ ಆಟಗಾರರ ಸಂಘ ಹುಟ್ಟಿದ್ದು 1907ರಲ್ಲಿ. ವಾರಕ್ಕೆ 20 ಪೌಂಡಿಗಿಂತ ಹೆಚ್ಚು ಸಂಬಳ ಕೊಡಬಾರದೆಂಬ ನಿಯಮ 1961ರಲ್ಲಿ ಬಿದ್ದುಹೋದದ್ದು ಮುಷ್ಕರಕ್ಕೆ ಸಜ್ಜಾಗಿದ್ದ ಆ ಸಂಘದ ಒತ್ತಾಯದಿಂದ. ದೊಡ್ಡ ಆಟಗಾರನ ಜೊತೆಗೆ ಸಣ್ಣ ಊರಿನ ಸಣ್ಣ ತಂಡದ ಬದಲಿ ಆಟಗಾರನೂ ಅದೇ ಸಂಘದ ಸದಸ್ಯ.

ಹಾಗೆಂದು ಅದು ಸುಖದ ಬದುಕಲ್ಲ. ಒಂದು, ಎರಡು ವರ್ಷದ ಕರಾರು. ಮಂಡಿಗೆ ಪೆಟ್ಟು ಬಿದ್ದ ಕಾಲದಲ್ಲೇ ಕರಾರು ಮುಗಿದರೆ ಮುಂದಿನ ತಿಂಗಳ ಬಾಡಿಗೆಯ ಚಿಂತೆ. ಹದಿನಾರರ ವಯಸ್ಸಿಗೆ ದೊಡ್ಡ ಅಕಾಡೆಮಿ ಸೇರಿದ ಹುಡುಗರಲ್ಲಿ ಬಹಳ ಮಂದಿ ಇಪ್ಪತ್ತರ ಹೊತ್ತಿಗೆ ಹೊರಗೆ ಬಿದ್ದಿರುತ್ತಾರೆ. ಆ ಲೀಗುಗಳನ್ನು ಕಣ್ಣು ಮುಚ್ಚಿ ಹೊಗಳಲು ನನಗೆ ಮನಸ್ಸಿಲ್ಲ. ಆದರೆ ಹೊರಗೆ ಬಿದ್ದವನಿಗೆ ಕಾಲಿಡಲು ಕೆಳಗೆ ಇನ್ನೊಂದು ಮೆಟ್ಟಿಲಿದೆ. ಜಾನ್ಸನ್ ಕಾಲಿಟ್ಟದ್ದು ಅಲ್ಲಿಯೇ.

1988ರಲ್ಲಿ ಹುಟ್ಟಿದ ಜಾನ್ಸನ್ ಮಿಡಲ್ಸ್‌ಬರೋ ಅಕಾಡೆಮಿಯ ಹುಡುಗ. ಅಲ್ಲಿ ಹಿರಿಯರ ತಂಡದಲ್ಲಿ ನೆಲೆ ಸಿಗದೆ ವೆಸ್ಟ್‌ವುಡ್ ಹಿಂದೆ ಆಡಿದ್ದ ನಾರ್ತಾಂಪ್ಟನ್‌ಗೇ ಬಂದರು. ನಾಲ್ಕನೆಯ ದರ್ಜೆಯ ಆ ತಂಡ 2010ರ ಸೆಪ್ಟೆಂಬರ್‌ನಲ್ಲಿ ಲೀಗ್ ಕಪ್ ಪಂದ್ಯದಲ್ಲಿ ಲಿವರ್‌ಪೂಲನ್ನು ಅದರ ಆನ್‌ಫೀಲ್ಡ್ ಅಂಗಳದಲ್ಲೇ ಪೆನಾಲ್ಟಿಗಳಲ್ಲಿ ಸೋಲಿಸಿತ್ತು. 2013ರ ಮೇ ತಿಂಗಳಲ್ಲಿ ವೆಂಬ್ಲಿಯ ಪ್ಲೇ-ಆಫ್ ಫೈನಲ್ ತನಕ ಬಂದು ಬ್ರಾಡ್‌ಫರ್ಡ್‌ಗೆ 0–3ರಿಂದ ಸೋತಿತು. ಆಗ ಜಾನ್ಸನ್‌ಗೆ ಇಪ್ಪತ್ತನಾಲ್ಕು. ಅದೇ ವರ್ಷದ ಜುಲೈನಲ್ಲಿ ಬೆಂಗಳೂರಿನಲ್ಲಿ ಜೆಎಸ್‌ಡಬ್ಲ್ಯು ಸಂಸ್ಥೆ ಹೊಸ ಕ್ಲಬ್ ಕಟ್ಟಿತು. ಇನ್ನೂ 37 ತುಂಬದ ವೆಸ್ಟ್‌ವುಡ್ ಅದರ ತರಬೇತುದಾರರಾದರು. ಅವರು ತಂದ ವಿದೇಶಿ ಡಿಫೆಂಡರುಗಳಲ್ಲಿ ಜಾನ್ಸನ್ ಒಬ್ಬರಾದರೆ, ಲೂಟನ್ ಮತ್ತು ವಿಂಬಲ್ಡನ್ ತಂಡಗಳಲ್ಲಿ ಆಡಿದ್ದ, ಕೀನ್ಯಾದಲ್ಲಿ ಹುಟ್ಟಿದ ಕರ್ಟಿಸ್ ಒಸಾನೊ ಇನ್ನೊಬ್ಬರು.

ಬೆಂಗಳೂರಿನ ಆ ತಂಡ ಮೊದಲ ವರ್ಷವೇ ಆಗ ದೇಶದ ಅಗ್ರ ಲೀಗ್ ಆಗಿದ್ದ ಐ-ಲೀಗ್ ಗೆದ್ದಿತು. 2014–15ರಲ್ಲಿ ಫೆಡರೇಷನ್ ಕಪ್, 2015–16ರಲ್ಲಿ ಮತ್ತೆ ಐ-ಲೀಗ್. ವೆಸ್ಟ್‌ವುಡ್ ಹೋದ ಮೇಲೆ ಸ್ಪೇನಿನ ಆಲ್ಬರ್ಟ್ ರೋಕಾ ಬಂದರು. 2016ರಲ್ಲಿ ಇದೇ ತಂಡದ ಮೂಲಕ ಭಾರತದ ಕ್ಲಬ್ಬೊಂದು ಮೊದಲ ಬಾರಿಗೆ ಏಷ್ಯಾ ಮಟ್ಟದ ಎಎಫ್‌ಸಿ ಕಪ್ ಫೈನಲ್ ತಲುಪಿತು. ಇಷ್ಟನ್ನೂ ಛೆಟ್ರಿಯ ಲೆಕ್ಕಕ್ಕೆ ಬರೆದು ಕೈತೊಳೆದುಕೊಳ್ಳುವುದು ಅನ್ಯಾಯ. ಜಾನ್ಸನ್ ಆಟದಲ್ಲಿ ಚಮತ್ಕಾರ ಕಡಿಮೆ. ಚೆಂಡು ಎಲ್ಲಿ ಬೀಳುತ್ತದೆಂದು ಮೊದಲೇ ಅಂದಾಜಿಸಿ ಅಲ್ಲಿ ನಿಲ್ಲುವುದು, ಎದುರಾಳಿಗೆ ತಿರುಗಲು ಬಿಡದಿರುವುದು, ತಲೆ ಕೊಟ್ಟು ಚೆಂಡನ್ನು ದೂರ ಕಳಿಸುವುದು, ತೊಂಬತ್ತು ನಿಮಿಷವೂ ಪಕ್ಕದವನನ್ನು ಕೂಗಿ ಎಚ್ಚರಿಸುವುದು. ಇದು ಚಳಿಯಲ್ಲಿ, ಕೆಸರಿನಲ್ಲಿ, ಶನಿವಾರ ಒಂದು, ಮಂಗಳವಾರ ಇನ್ನೊಂದು ಎಂದು ನೂರಾರು ಪಂದ್ಯ ಆಡಿ ಮೈಗೂಡುವ ವಿದ್ಯೆ. ಚೆಂಡನ್ನು ಕಾಲಲ್ಲಿಟ್ಟುಕೊಂಡು ಹಿಂದಿನಿಂದ ಆಟ ಕಟ್ಟುವ ರೋಕಾ ಪದ್ಧತಿಯಲ್ಲಿ ಜಾನ್ಸನ್ ಮಿತಿಗಳು ಕಾಣಿಸಿದವು ಎನ್ನುವುದು ನನ್ನ ಅಭಿಪ್ರಾಯ. ಸ್ಪೇನಿನ ಡಿಫೆಂಡರ್ ಹುವಾನನ್ ಪಕ್ಕದಲ್ಲಿ ಅವರ ಪಾಸುಗಳು ಒರಟಾಗಿ ಕಾಣುತ್ತಿದ್ದವು. ಆದರೂ 2018ರವರೆಗೆ ಅವರು ತಂಡದಲ್ಲಿ ಉಳಿದದ್ದೇ, ಕಲಿಯುವುದನ್ನು ನಿಲ್ಲಿಸಲಿಲ್ಲ ಎಂಬುದಕ್ಕೆ ಸಾಕ್ಷಿ.

ಒಂದು ಆಕ್ಷೇಪವನ್ನು ಇಲ್ಲಿ ಹೇಳಲೇಬೇಕು. ನಮ್ಮ ಕ್ಲಬ್ಬುಗಳು ಗೋಲು ಹೊಡೆಯುವ ಮತ್ತು ಗೋಲಿನ ಮುಂದೆ ನಿಲ್ಲುವ ಜಾಗಗಳಿಗೆ ವರ್ಷಗಟ್ಟಲೆ ವಿದೇಶದವರನ್ನೇ ತಂದವು. ಆ ಜಾಗದಲ್ಲಿ ಬೆಳೆಯಬೇಕಿದ್ದ ಇಲ್ಲಿನ ಹುಡುಗರು ಬೆಂಚಿನಲ್ಲಿ ಕುಳಿತರು. ಈ ದೋಷ ಜಾನ್ಸನ್‌ರದ್ದಲ್ಲ, ಅನುಭವವನ್ನು ಬೆಳೆಸದೆ ಕೊಂಡುಕೊಂಡ ವ್ಯವಸ್ಥೆಯದ್ದು. ಆ ವ್ಯವಸ್ಥೆ ಎಷ್ಟು ತೆಳುವಾಗಿತ್ತೆಂಬುದು 2025ರಲ್ಲಿ ಬಯಲಾಯಿತು. ಐಎಸ್‌ಎಲ್ ಎಂಬ ದೇಶದ ಅಗ್ರ ಫುಟ್‌ಬಾಲ್ ಲೀಗ್ ನಡೆಯುವುದೇ ಅನುಮಾನವಾದಾಗ ಆಗಸ್ಟ್‌ನಲ್ಲಿ ಬೆಂಗಳೂರು ಎಫ್‌ಸಿ ತನ್ನ ಮುಖ್ಯ ತಂಡದ ಸಂಬಳವನ್ನೇ ನಿಲ್ಲಿಸಿತು.

ಈಗ ನಮ್ಮ ಕಡೆಗೆ ಬರೋಣ. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಕಂದಾಯದ ಲೆಕ್ಕದಲ್ಲಿ ತುಮಕೂರು ಜಿಲ್ಲೆಯವು. ಆದರೆ ಶಿಕ್ಷಣ ಇಲಾಖೆಗೆ ಈ ನಾಲ್ಕೂ ಸೇರಿ ಮಧುಗಿರಿ ಶೈಕ್ಷಣಿಕ ಜಿಲ್ಲೆ. ಶಾಲಾ ಕ್ರೀಡಾಕೂಟ ಹೋಬಳಿಯಿಂದ ತಾಲ್ಲೂಕಿಗೆ, ತಾಲ್ಲೂಕಿನಿಂದ ಜಿಲ್ಲೆಗೆ, ಅಲ್ಲಿಂದ ವಿಭಾಗಕ್ಕೆ, ಕೊನೆಗೆ ರಾಜ್ಯಕ್ಕೆ ಏರುತ್ತದೆ. ಇಂಗ್ಲೆಂಡಿನ ಲೀಗುಗಳಷ್ಟೇ ಅಚ್ಚುಕಟ್ಟಾದ ಏಣಿ ಇದು. ಪಾವಗಡದ ಗಡಿ ಹಳ್ಳಿಯ ಹುಡುಗಿಯೂ ಇದರ ಮೊದಲ ಮೆಟ್ಟಿಲು ಹತ್ತಬಹುದು. ಪಿ.ಟಿ. ಮೇಷ್ಟ್ರುಗಳ ದುಡಿಮೆಯನ್ನು ನಾನು ಮನಸಾರೆ ಗೌರವಿಸುತ್ತೇನೆ. ಆದರೆ ಈ ಏಣಿ ಶಾಲೆ ಬಿಟ್ಟ ದಿನವೇ ಮುಗಿಯುತ್ತದೆ. ಪಿಯುಸಿ ದಾಟಿದ ಮೇಲೆ ಜಿಲ್ಲಾಮಟ್ಟದ ಒಳ್ಳೆಯ ಕಬಡ್ಡಿ ರೈಡರ್‌ಗೆ ಉಳಿಯುವುದು ಜಾತ್ರೆ, ಗಣೇಶೋತ್ಸವಗಳ ಹೊನಲು ಬೆಳಕಿನ ಪಂದ್ಯಾವಳಿ. ಗೆದ್ದರೆ ಒಂದು ಟ್ರೋಫಿ, ಏಳು ಜನ ಹಂಚಿಕೊಳ್ಳುವ ನಗದು ಬಹುಮಾನ. ಆಮೇಲೆ ಪೀಣ್ಯದ ಕಾರ್ಖಾನೆ, ಇಲ್ಲವೇ ಶೇಂಗಾ ಹೊಲ.

2014ರಲ್ಲಿ ಪ್ರೊ ಕಬಡ್ಡಿ ಬಂತು, 2022ರಲ್ಲಿ ಅಲ್ಟಿಮೇಟ್ ಖೋ ಖೋ. ಏಣಿಯ ತುದಿ ಝಗಮಗಿಸಿತು. ಅದರ ನಡುವಿನ ಮೆಟ್ಟಿಲುಗಳನ್ನು ಹಿಂದೆ ಬೇರೊಂದು ಬಗೆಯಲ್ಲಿ ಕಟ್ಟಿಕೊಟ್ಟಿದ್ದವು ಬ್ಯಾಂಕುಗಳು ಮತ್ತು ಸಾರ್ವಜನಿಕ ಉದ್ದಿಮೆಗಳು. ಆಟ ಬಲ್ಲವನಿಗೆ ನೌಕರಿ ಸಿಗುತ್ತಿತ್ತು, ಆಟ ಮುಗಿದ ಮೇಲೂ ಸಂಬಳ ಬರುತ್ತಿತ್ತು. ಎಚ್‌ಎಎಲ್ ಫುಟ್‌ಬಾಲ್ ತಂಡ 2011–12ರವರೆಗೂ ಐ-ಲೀಗ್‌ನಲ್ಲಿತ್ತು. ಸ್ಟೇಟ್ ಬ್ಯಾಂಕ್ ಆಫ್ ಮೈಸೂರು 2017ರಲ್ಲಿ, ವಿಜಯಾ ಬ್ಯಾಂಕ್ 2019ರಲ್ಲಿ, ಸಿಂಡಿಕೇಟ್ ಬ್ಯಾಂಕ್ 2020ರಲ್ಲಿ ಬೇರೆ ಬ್ಯಾಂಕುಗಳಲ್ಲಿ ಲೀನವಾದವು. ಈ ವಿಲೀನಗಳನ್ನು ನಾವು ಹಣಕಾಸಿನ ಸುದ್ದಿಯಾಗಿ ಓದಿದೆವು. ಕನ್ನಡ ನಾಡಿನ ಆಟಗಾರರ ಪಾಲಿಗೆ ಅವು ಬಾಗಿಲು ಮುಚ್ಚಿದ ಸುದ್ದಿಗಳೂ ಹೌದು.

ತುದಿಗೆ ಹತ್ತಿದವರ ಪಾಡೂ ಬೇರೆಯಲ್ಲ. 2025ರ ಜನವರಿಯಲ್ಲಿ ದೆಹಲಿಯಲ್ಲಿ ಮೊದಲ ಖೋ ಖೋ ವಿಶ್ವಕಪ್ ಗೆದ್ದ ಭಾರತ ತಂಡಗಳಲ್ಲಿ ಕರ್ನಾಟಕದ ಎಂ.ಕೆ. ಗೌತಮ್ ಮತ್ತು ಬಿ. ಚೈತ್ರಾ ಇದ್ದರು. ರಾಜ್ಯ ಸರ್ಕಾರ ಕೊಟ್ಟ 5 ಲಕ್ಷ ರೂಪಾಯಿಯ ಬಹುಮಾನವನ್ನು ಇಬ್ಬರೂ ಒಪ್ಪಲಿಲ್ಲ. ಮಹಾರಾಷ್ಟ್ರ ತನ್ನ ಆಟಗಾರರಿಗೆ 2.25 ಕೋಟಿಯ ಜೊತೆಗೆ ಸರ್ಕಾರಿ ಕೆಲಸವನ್ನೂ ಘೋಷಿಸಿತ್ತು. ಇವರ ನಿರಾಕರಣೆಯನ್ನು ಕೆಲವರು ದುರಾಸೆ ಎಂದರು. ನನಗದು ನ್ಯಾಯವಾದ ಕೂಗು ಅನ್ನಿಸುತ್ತದೆ. ವಿಶ್ವಕಪ್ ಗೆದ್ದವರೂ ನಾಳಿನ ಅನ್ನಕ್ಕಾಗಿ ಬಾಯಿಬಿಟ್ಟು ಕೇಳಬೇಕಾದರೆ, ಕೊರಟಗೆರೆಯ ತಾಲ್ಲೂಕು ತಂಡದ ನಾಯಕಿ ಯಾರನ್ನು ಕೇಳಬೇಕು?

ಇಂಗ್ಲೆಂಡಿನದನ್ನು ಇಲ್ಲಿಗೆ ಹೊತ್ತು ತರಬೇಕೆಂದು ನಾನು ಹೇಳುತ್ತಿಲ್ಲ. ಟಿಕೆಟ್ ಮಾರಿ ತಂಡ ಸಾಕುವ ಶಕ್ತಿ ನಮ್ಮ ಊರುಗಳಿಗೆ ಸದ್ಯಕ್ಕಿಲ್ಲ. ಆದರೆ ನಾಲ್ಕು ತಾಲ್ಲೂಕುಗಳ ನಡುವೆ ಕಬಡ್ಡಿಗೋ ಖೋ ಖೋಗೋ ಒಂದು ವಾರ್ಷಿಕ ಲೀಗ್ ಸಾಧ್ಯವಿದೆ. ಇವತ್ತು ಶಿರಾದಲ್ಲಿ ಆಡಿದರೆ ಮುಂದಿನ ಭಾನುವಾರ ಮಧುಗಿರಿಯಲ್ಲಿ, ಸುಗ್ಗಿ ಮುಗಿದ ಮೇಲೆ ಮೂರು ತಿಂಗಳು. ಹೋಬಳಿಗೊಂದು ತಂಡ, ಸೋತವರು ಕೆಳಗಿನ ಗುಂಪಿಗೆ, ಗೆದ್ದವರು ಮೇಲಕ್ಕೆ. ಮೈದಾನಗಳಿವೆ, ಬಸ್ಸುಗಳಿವೆ, ವಿಷಲ್ ಊದಲು ನಿವೃತ್ತ ಪಿ.ಟಿ. ಮೇಷ್ಟ್ರುಗಳಿದ್ದಾರೆ. ಜಾತ್ರೆಯ ಪಂದ್ಯಾವಳಿಗಳಲ್ಲಿ ಒಂದೇ ರಾತ್ರಿ ಸುರಿಯುವ ಬಹುಮಾನದ ಹಣದಲ್ಲಿ ಅರ್ಧವನ್ನು ಪಂದ್ಯದ ಭತ್ಯೆ, ಆಟಗಾರರ ವಿಮೆ ಎಂದು ಹಂಚಿದರೆ ಆರಂಭಕ್ಕೆ ಸಾಕು. ಒಬ್ಬ ಹುಡುಗ ವರ್ಷಕ್ಕೆ ಮೂರು ಪಂದ್ಯದ ಬದಲು ಮೂವತ್ತು ಆಡಿದರೆ, ಎದುರಾಳಿ ಕಾಲು ಚಾಚುವ ಮೊದಲೇ ಎಲ್ಲಿ ನಿಲ್ಲಬೇಕೆಂಬುದು ಅವನ ಮೈಗೆ ತಿಳಿಯುತ್ತದೆ.