ತುಮಕೂರಿನ ಕೆಮ್ಮಿನ ಬಾಟಲಿ ಮತ್ತು ಜಾನ್ ಗ್ರೀನ್ ಪುಸ್ತಕ

ಹೋದ ಸಂಚಿಕೆಯಲ್ಲಿ ಜಾನ್ ಗ್ರೀನ್ ಬರೆದ ‘ಎವ್ರಿಥಿಂಗ್ ಈಸ್ ಟ್ಯುಬರ್ಕ್ಯುಲೋಸಿಸ್’ ಬಗ್ಗೆ ಹತ್ತು ನಿಮಿಷ ಮಾತಾಡಿದ್ದೆ. ಕೇಳಿದವರಿಗೆ ಗೊತ್ತು, ಬರೀ ಹೊಗಳಿದ್ದೆ. ಅರೋರಾ ಲೈಬ್ರರಿಗೆ ವಾಪಸ್ ಕೊಡೋ ಮುಂಚೆ ಇನ್ನೊಂದ್ಸಲ ಓದಿದಾಗ ಒಂದು ತಕರಾರು ಹುಟ್ಟಿತು. ಅದನ್ನ ಇಲ್ಲಿ ಬರೀತಿದ್ದೀನಿ.

ಪುಸ್ತಕ ಬಂದದ್ದು 2025ರ ಮಾರ್ಚಿನಲ್ಲಿ. 2019ರಲ್ಲಿ ಗ್ರೀನ್ ಸಿಯೆರಾ ಲಿಯೋನ್ ದೇಶದ ಲಕ್ಕಾ ಸರ್ಕಾರಿ ಆಸ್ಪತ್ರೆಗೆ ಹೋಗ್ತಾರೆ. ಅಲ್ಲಿ ಹೆನ್ರಿ ಅನ್ನೋ ಹುಡುಗ ಆಸ್ಪತ್ರೆಯೆಲ್ಲಾ ತೋರಿಸ್ತಾನೆ. ನೋಡೋಕೆ ಒಂಬತ್ತು ವರ್ಷದವನ ಹಾಗಿದ್ದಾನೆ, ವಯಸ್ಸು ಹದಿನೇಳು. ಕ್ಷಯ ಮತ್ತು ಹಸಿವು ಸೇರಿ ಬೆಳವಣಿಗೆಯನ್ನೇ ತಿಂದುಹಾಕಿವೆ. ಮಾಮೂಲಿ ಔಷಧಿಗೆ ಬಗ್ಗದ ಟಿ.ಬಿ. ಅವನದು. ಅವನು ಉಳೀತಾನಾ ಅನ್ನೋ ಪ್ರಶ್ನೆಯೇ ಪುಸ್ತಕವನ್ನ ಎಳ್ಕೊಂಡು ಹೋಗುತ್ತೆ. ನಡುನಡುವೆ ಕೌಬಾಯ್ ಟೋಪಿ, ಸರಯೇವೋದ ಹಂತಕರು ಅಂತ ಅಡ್ಡದಾರಿಗಳು. ಅವೆಲ್ಲಾ ಮಜವಾಗಿವೆ, ಸ್ವಲ್ಪ ಹೆಚ್ಚೇ ಮಜವಾಗಿವೆ.

ಗ್ರೀನ್ ವಾದ ಸರಳ. ರೋಗ ಒಂದು ಕಡೆ, ಔಷಧಿ ಇನ್ನೊಂದು ಕಡೆ. ನಡುವೆ ಬೆಲೆ, ಪೇಟೆಂಟ್, ನಮ್ಮ ಉದಾಸೀನ. ಸುಳ್ಳಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2023ರಲ್ಲಿ 1.08 ಕೋಟಿ ಜನಕ್ಕೆ ಕ್ಷಯ ಬಂತು, 12.5 ಲಕ್ಷ ಜನ ಸತ್ತರು. ವಾಸಿ ಮಾಡೋ ಮಾತ್ರೆ ಬಂದು ಎಪ್ಪತ್ತು ವರ್ಷ ದಾಟಿದ ಮೇಲೂ! ಬೆಡಾಕ್ವಿಲಿನ್ ಮಾತ್ರೆಯ ಪೇಟೆಂಟ್ ಅವಧಿಯನ್ನ ಹಿಗ್ಗಿಸೋ ಅರ್ಜಿಯನ್ನ ಭಾರತದ ಪೇಟೆಂಟ್ ಕಚೇರಿ 2023ರಲ್ಲಿ ತಿರಸ್ಕರಿಸಿತು. ಅದಕ್ಕೆ ಆಕ್ಷೇಪಣೆ ಹಾಕಿದವರು ತಾವೇ ಟಿ.ಬಿ. ಗೆದ್ದು ಬಂದ ಇಬ್ಬರು ಹೆಣ್ಣುಮಕ್ಕಳು, ನಂದಿತಾ ವೆಂಕಟೇಶನ್ ಮತ್ತು ದಕ್ಷಿಣ ಆಫ್ರಿಕಾದ ಫುಮೇಝಾ ಟಿಸಿಲೆ. ಬೆಲೆ ಇಳಿಸೋ ಜಗಳ ದೊಡ್ಡದೇ.

ಆದ್ರೆ ಜಗತ್ತಿನ ಕ್ಷಯದಲ್ಲಿ ಕಾಲು ಭಾಗಕ್ಕಿಂತ ಹೆಚ್ಚು ಭಾರತದಲ್ಲೇ ಇದೆ, ಮತ್ತು ಮಾಮೂಲಿ ಟಿ.ಬಿ. ಮಾತ್ರೆ ಅಲ್ಲಿ ದುಬಾರಿಯಲ್ಲ. ಸರ್ಕಾರಿ ಆಸ್ಪತ್ರೆಯಲ್ಲಿ ಪುಕ್ಕಟೆ. ಅಲ್ಲೂ ಯಾಕೆ ಸಾಯ್ತಾರೆ? ಇದಕ್ಕೆ ಉತ್ತರ ಹುಡುಕಿದ ಕೆಲಸ ನಮ್ಮ ಬೆಂಗಳೂರಲ್ಲೇ ನಡೆದಿತ್ತು. ಅದಕ್ಕೆ ಈ ಪುಸ್ತಕದಲ್ಲಿ ಸಿಗಬೇಕಾದ ಜಾಗ ಸಿಕ್ಕಿಲ್ಲ. ನನ್ನ ತಕರಾರು ಅದೇ.

ಬಳ್ಳಾರಿ ರಸ್ತೆಯಲ್ಲಿರೋ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯನ್ನ ನೆಹರೂ ಉದ್ಘಾಟಿಸಿದ್ದು 1960ರಲ್ಲಿ. ಹಳ್ಳಿಯವರಿಗೆ ರೋಗದ ತಿಳಿವಳಿಕೆ ಇಲ್ಲ, ತಾವಾಗಿ ಬರಲ್ಲ, ನಾವೇ ಎಕ್ಸ್‌ರೇ ವ್ಯಾನ್ ತಗೊಂಡು ಹುಡುಕಬೇಕು ಅನ್ನೋದು ಆಗಿನ ಎಣಿಕೆ. ಆ ಸಂಸ್ಥೆಯ ದೇಬಬರ್ ಬ್ಯಾನರ್ಜಿ ಮತ್ತು ಸ್ಟಿಗ್ ಆಂಡರ್ಸನ್ ತುಮಕೂರು ಜಿಲ್ಲೆಯಲ್ಲಿ, ಸಮೀಕ್ಷೆಯಲ್ಲಿ ಕ್ಷಯ ಪತ್ತೆಯಾದವರನ್ನ ಕಂಡು ಮಾತಾಡಿಸಿದರು. ನಿಮಗೆ ಏನಾಗಿದೆ ಅನ್ನಿಸುತ್ತೆ, ಅದಕ್ಕೆ ಏನು ಮಾಡಿದ್ರಿ ಅಂತ. 1963ರಲ್ಲಿ ಅಚ್ಚಾದ ಆ ಪ್ರಬಂಧ ಎಣಿಕೆಯನ್ನೇ ತಿರುವಿ ಹಾಕಿತು. ಕಫದಲ್ಲಿ ಕ್ರಿಮಿ ಇದ್ದವರಲ್ಲಿ ಬಹುತೇಕ ಎಲ್ಲರಿಗೂ ತಮಗೇನೋ ಆಗಿದೆ ಅಂತ ಗೊತ್ತಿತ್ತು. ಅರ್ಧಕ್ಕಿಂತ ಹೆಚ್ಚು ಜನ ಆಗಲೇ ಚಿಕಿತ್ಸೆ ಹುಡುಕಿಕೊಂಡು ಹೋಗಿಯೂ ಬಂದಿದ್ದರು. ಹೋದವರಿಗೆ ಸಿಕ್ಕಿದ್ದು ಹೆಚ್ಚಾಗಿ ಒಂದು ಬಾಟಲಿ ಕೆಮ್ಮಿನ ಔಷಧಿ.

ತಿಪಟೂರು ಕಡೆಯ ನಮ್ಮಜ್ಜಿ ಅದನ್ನ ‘ಬಣ್ಣದ ನೀರು’ ಅಂತಿದ್ದರು. ಬಾಟಲಿ ಮನೆಯಿಂದಲೇ ಒಯ್ಯಬೇಕು, ಕಾಂಪೌಂಡರ್ ಹೊತ್ತಿಗಿಷ್ಟು ಅಂತ ಗುರುತಿಗೆ ಕಾಗದದ ಪಟ್ಟಿ ಅಂಟಿಸಿ ಕೊಡೋರು. ಕೂಲಿ ಬಿಟ್ಟು, ಮೈಲಿಗಟ್ಟಲೆ ನಡೆದು, ಸಾಲಲ್ಲಿ ನಿಂತು, ಬಣ್ಣದ ನೀರು ಹಿಡ್ಕೊಂಡು ವಾಪಸ್ ಬಂದವನನ್ನ ಯಾವ ಬಾಯಲ್ಲಿ ಅಜ್ಞಾನಿ ಅನ್ನೋದು? ಅವನು ಬಾಗಿಲವರೆಗೂ ಬಂದಿದ್ದ. ಒಳಗೆ ಕೂತವರು ಕಫ ಕೇಳಲಿಲ್ಲ, ಅಷ್ಟೆ.

ಹೀಗೆ ತಾವಾಗೇ ಬರೋ ಕೆಮ್ಮಿನವರ ಕಫವನ್ನ ಹತ್ತಿರದ ಆರೋಗ್ಯ ಕೇಂದ್ರದಲ್ಲೇ ನೋಡಿ ಅನ್ನೋದು 1962ರ ಜಿಲ್ಲಾ ಕ್ಷಯ ಕಾರ್ಯಕ್ರಮದ ತಿರುಳಾಯಿತು. ಕಾಗದದ ಮೇಲೆ ಇವತ್ತಿಗೂ ಇದಕ್ಕಿಂತ ಒಳ್ಳೆಯ ಯೋಚನೆ ಕಾಣೆ. ನೆಲದ ಮೇಲೆ ಸೊರಗಿತು. ಶುರು ಮಾಡಿದವರಲ್ಲಿ ಅರ್ಧದಷ್ಟು ಜನರೂ ಚಿಕಿತ್ಸೆ ಮುಗಿಸುತ್ತಿಲ್ಲ ಅಂತ ಆಮೇಲೆ ಲೆಕ್ಕ ಸಿಕ್ಕಿತು. ಈಗ ‘ಜಾಗೃತಿ’ಯ ಕಾಲ. ಪೋಸ್ಟರು, ರ‍್ಯಾಲಿ, ಪ್ರತಿಜ್ಞೆ. ಜಾಗೃತಿ ಬೇಡ ಅನ್ನಲ್ಲ. ಆದ್ರೆ ತಪ್ಪಿದ್ದು ಕೌಂಟರಿನ ಯಾವ ಬದಿ ಅನ್ನೋದನ್ನ ತುಮಕೂರು ಅರವತ್ತು ವರ್ಷದ ಹಿಂದೆಯೇ ಹೇಳಿತ್ತಲ್ಲ.

ಇನ್ನೊಂದು ಮಾತು, ಊಟದ್ದು. ಮಂಗಳೂರಿನ ಯೇನೆಪೋಯ ವೈದ್ಯಕೀಯ ಕಾಲೇಜಿನ ಡಾ. ಅನುರಾಗ್ ಭಾರ್ಗವ ಮತ್ತು ಸಂಗಡಿಗರು ಜಾರ್ಖಂಡಿನಲ್ಲಿ ರೋಗಿಗಳ ಮನೆಮಂದಿಗೆ ಪ್ರತಿ ತಿಂಗಳು ರೇಷನ್ ಕೊಟ್ಟು ನೋಡಿದರು. ಹೊಸದಾಗಿ ಕ್ಷಯ ಬರೋದು ಶೇ. 39ರಷ್ಟು ಇಳಿಯಿತು. ಫಲಿತಾಂಶ 2023ರಲ್ಲಿ ಪ್ರಕಟವಾಯಿತು. ಅಕ್ಕಿ, ಬೇಳೆ, ಹಾಲಿನ ಪುಡಿಗೆ ಯಾವ ಪೇಟೆಂಟೂ ಇಲ್ಲ. ಗ್ರೀನ್ ಹಸಿವಿನ ಬಗ್ಗೆ ಬರೀತಾರೆ, ಮನಸ್ಸು ಕಲಕೋ ಹಾಗೇ ಬರೀತಾರೆ. ಆದ್ರೆ ಕಥೆಯ ಎಳೆ ಮತ್ತೆ ಮತ್ತೆ ಎಲ್ಲೋ ದೂರದಿಂದ ಬರಬೇಕಾದ ಆ ಒಂದು ಮಾತ್ರೆಗೇ ಸುತ್ತಿಕೊಳ್ಳುತ್ತೆ. ಓದುಗ ಅಮೆರಿಕದವನಾದ್ರೆ ಅದು ಸರಿಯೇ, ಅವನ ಕೈಲಿರೋದು ಅದು. ಹೆನ್ರಿ ಉಳಿದಾಗ ನನಗೂ ಕಣ್ಣು ತುಂಬಿತು. ತುಮಕೂರಿನವನನ್ನ ಉಳಿಸೋಕೆ ಬೇಕಿದ್ದದ್ದು ಬೇರೆ ತರದ್ದು: ಸರಿಯಾಗಿ ಕೇಳೋ ಒಬ್ಬ ಡಾಕ್ಟರು, ಒಂದು ಮೈಕ್ರೋಸ್ಕೋಪು, ಮನೆಯಲ್ಲಿ ಊಟ. ಇಂಥ ಕಥೆಗೆ ಕ್ಲೈಮ್ಯಾಕ್ಸ್ ಇರಲ್ಲ. ಅದಕ್ಕೇ ಇರಬೇಕು, ಯಾರೂ ಬರೆಯಲ್ಲ.

ಇದೆಲ್ಲಾ ಅರೋರಾದಲ್ಲಿ ಕೂತವನಿಗೆ ಯಾಕೆ ಅಂತೀರಾ? ಕೆನಡಾಕ್ಕೆ ವಲಸೆ ಬಂದ ನಾವೆಲ್ಲಾ ಎದೆಯ ಎಕ್ಸ್‌ರೇ ಕೊಟ್ಟೇ ಬಂದಿದ್ದೀವಿ. ಕ್ಲೀನ್ ಅಂದರು, ಮರೆತೆವು. ಮೈಯೊಳಗೆ ಮಲಗಿರೋ ಕ್ರಿಮಿ ಎಕ್ಸ್‌ರೇಗೆ ಸಾಮಾನ್ಯವಾಗಿ ಕಾಣಲ್ಲ. ವರ್ಷಗಳ ಮೇಲೆ, ವಯಸ್ಸಾದಾಗ, ಸಕ್ಕರೆ ಕಾಯಿಲೆ ಬಂದಾಗ ಏಳುತ್ತೆ. ಈ ದೇಶದ ಕ್ಷಯದಲ್ಲಿ ಬಹುಪಾಲು ಹೊರಗೆ ಹುಟ್ಟಿದವರಲ್ಲೇ. ಇಲ್ಲೇ ಹುಟ್ಟಿದವರಲ್ಲಿ ಇನ್ಯೂಟ್ ಜನರ ಪಾಡು ಎಲ್ಲರಿಗಿಂತ ಕೆಟ್ಟದ್ದು. ಹಿಂದೆ ಅವರನ್ನ ನಡೆಸಿಕೊಂಡ ರೀತಿಗೆ 2019ರಲ್ಲಿ ಪ್ರಧಾನಿಯೇ ಕ್ಷಮೆ ಕೇಳಬೇಕಾಯಿತು.

ನಮ್ಮ ಪರಿಚಯದ ಮನೆಯೊಂದಕ್ಕೆ ಊರಿಂದ ಅತ್ತೆ ಬಂದಿದ್ದರು. ಸಕ್ಕರೆ ಕಾಯಿಲೆ ಇತ್ತು. ಕೆಮ್ಮು ಶುರುವಾಯಿತು, ಸಂಜೆ ಹೊತ್ತು ಸಣ್ಣ ಜ್ವರ. ಚಳಿಗೆ ಅಂದುಕೊಂಡರು. ಸೂಟ್‌ಕೇಸಲ್ಲಿ ಊರಿಂದ ತಂದಿದ್ದ ಕೆಮ್ಮಿನ ಸಿರಪ್ ಮೂರು ಬಾಟಲಿ ಇತ್ತು, ಮೂರೂ ಖಾಲಿ ಆಯಿತು. ಕ್ಲಿನಿಕ್ಕೊಂದರಲ್ಲಿ ಎರಡು ಸಲ ಆಂಟಿಬಯಾಟಿಕ್ ಬರೆದು ಕಳಿಸಿದರು. ಆಮೇಲೆ ಮನೆಯವರೇ ಹಿಂಜರಿದರು: ಅತ್ತೆಗೆ ಓಹಿಪ್ ಇಲ್ಲ, ದೊಡ್ಡ ಬಿಲ್ ಬಂದ್ರೆ? ವೀಸಾಗೆ ತೊಂದರೆ ಆದ್ರೆ? ಒಂಟಾರಿಯೋದಲ್ಲಿ ಓಹಿಪ್ ಇಲ್ಲದವರಿಗೂ ಟಿ.ಬಿ. ಪರೀಕ್ಷೆ, ಚಿಕಿತ್ಸೆ ಪಬ್ಲಿಕ್ ಹೆಲ್ತ್ ಮೂಲಕ ಪುಕ್ಕಟೆ ಸಿಗುತ್ತೆ ಅನ್ನೋದು ಅವರಿಗೆ ಗೊತ್ತಿರಲಿಲ್ಲ. ನಿಜ ಹೇಳಬೇಕಂದ್ರೆ ನನಗೂ ಗೊತ್ತಿರಲಿಲ್ಲ.

ಮೂರನೇ ಸಲ ಹೋದಾಗ ಇದ್ದದ್ದು ಬೇರೆ ಡಾಕ್ಟರು, ಚಿಕ್ಕ ವಯಸ್ಸಿನ ಹುಡುಗಿ. ಎಲ್ಲಿ ಹುಟ್ಟಿದ್ದು, ಕೆಮ್ಮು ಎಷ್ಟು ವಾರದಿಂದ, ತೂಕ ಇಳಿದಿದೆಯಾ ಅಂತ ಕೇಳಿ, ಕಫ ಕೊಡೋಕೆ ಡಬ್ಬಿ ಕೈಗಿಟ್ಟರು. ಆರು ತಿಂಗಳು ಮಾತ್ರೆ ತಗೊಂಡು ಅತ್ತೆ ಹುಷಾರಾದರು. ರಾಜ್ಯೋತ್ಸವದ ಊಟದಲ್ಲಿ ಯಾರೋ ಅವರಿಗೆ ಏನಾಗಿತ್ತು ಅಂತ ಕೇಳಿದರು. ನ್ಯುಮೋನಿಯಾ ಅಂದರು ಸೊಸೆ. ಪಕ್ಕದಲ್ಲಿದ್ದ ನಾನೂ ಹೂಂ ಅಂದೆ.